ಹದಿನಾಲ್ಕನೇ ಕಲಮಿನ ನಡಾವಳಿ

ಪೊರಿರುವಾದ ರಗ್ಬಿ ಕ್ಲಬ್ಬಿನ ಮಹಡಿ. ಜುಲೈ. ಹೀಟರು ಒಂದೇ.
ಗೋಡೆಯಲ್ಲಿ ಸೋತ ವರ್ಷಗಳ ತಂಡಗಳೂ ನಗುತ್ತಿವೆ,
ಅದು ನನಗಿಷ್ಟ.
ನಾನು ಪಕ್ಷದ ನಡಾವಳಿ ಬರೆಯುವವನು.
ಯಾರು ಏನೆಂದರೋ ಬರೆಯುತ್ತೇನೆ,
ಹೇಗೆಂದರು ಎಂಬುದಕ್ಕೆ ಕಾಲಂ ಇಲ್ಲ.

ಕಲಮು ಹದಿನಾಲ್ಕು: ವಿದೇಶಿ ನೆರವು, ನೆರೆದ್ವೀಪಗಳ ಸಂಬಂಧ.
ಊಟಕ್ಕೆ ಮುಂಚೆ ಮುಗಿಯಬೇಕು.
ಹದಿಮೂರು, ನಾಯಿ ಲೈಸೆನ್ಸು,
ಒಂದೂವರೆ ಗಂಟೆ ತಿಂದಿತ್ತು.

ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ಸೊನ್ನೆ ದಶಾಂಶ ಏಳು
'ಕೊಡುತ್ತೇವೆ' ಎಂದಿತ್ತು ಕರಡಿನಲ್ಲಿ.
ರೋವನ್ ಟ್ಯಾಲ್ಬಟ್ ಕನ್ನಡಕ ಹಣೆಗೇರಿಸಿ
'ಕೊಡಲು ಶ್ರಮಿಸುತ್ತೇವೆ' ಅಂದರೆ ಹೇಗೆ, ಅಂದ.
ಹಿಂದಿನ ಸಾಲಿನಿಂದ ಇನ್ನೊಬ್ಬರು:
'ಕೊಡಲು ಶ್ರಮಿಸುವ ದಿಕ್ಕಿನಲ್ಲಿ ಸಾಗುತ್ತೇವೆ'.
ಕ್ರಿಯಾಪದ ಕೈಯಿಂದ ಕೈಗೆ ದಾಟುತ್ತ
ಟೀ ಜೊತೆಗೇ ಆರಿತು.
ಗೆದ್ದ ದಿನ ಖಜಾನೆಯಲ್ಲಿ ಏನಿರುತ್ತೋ ಯಾರು ಕಂಡವರು?
ಸುಳ್ಳಲ್ಲ. ಅದನ್ನೂ ಬರೆದುಕೊಂಡೆ.

ಆಮೇಲೆ 'ನಮ್ಮ ಹಿತ್ತಲು' ಎಂಬ ಪದದ ಮೇಲೆ ಜಗಳ.
ಹಿತ್ತಲು ಅಂದರೆ ಮನೆ ನಮ್ಮದು ಅಂತಾಯಿತು,
ತೆಗೀರಿ ಅಂದರು ಯುವ ಘಟಕದವರು.
ಹಿತ್ತಲು ಹೋಗಿ ಅಂಗಳವಾಯಿತು,
ಅಂಗಳ ಹೋಗಿ 'ಕುಟುಂಬ' ಬಂತು.
ಎಲ್ಲರೂ ಟಿಪ್ಪಣಿಯತ್ತ ಬಗ್ಗಿದರು,
ಕುಟುಂಬದ ಮಾತು ಬಂದಾಗ ಜನ ಬಗ್ಗುವಂತೆ.

ನಾವು ಕಟ್ಟದಿದ್ದರೆ ಆ ದ್ವೀಪದ ಧಕ್ಕೆಯನ್ನು ಬೇರೆಯವರು ಕಟ್ಟುತ್ತಾರೆ
ಎಂದರೊಬ್ಬ ನಿವೃತ್ತ ನೌಕಾಧಿಕಾರಿ,
ಅವರ ಧಕ್ಕೆ ಎದ್ದರೆ ನಮಗೆ ಧಕ್ಕೆ.
ಯಾರೂ ನಗಲಿಲ್ಲ. ಅವರೂ ನಗಿಸಲು ಅಂದದ್ದಲ್ಲ.

ಆಗ ಎದ್ದವರು ಆನಸೀನಿ,
ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ,
ನಮ್ಮ ಶಾಖೆಯ ಪ್ರತಿನಿಧಿ. ಭಾಷಣ ಮಾಡಿದವರಲ್ಲ.
ನನ್ನದು ಒಂದು ಡ್ರಮ್ಮಿನ ವಿಷಯ, ಅಂದರು.

ಬೂದಿ ಬಿದ್ದ ವರ್ಷ ನೀಲಿ ಡ್ರಮ್ಮು ತುಂಬಿದೆವು:
ಹಿಟ್ಟು, ಡಬ್ಬಿಯ ಮಾಂಸ, ಶಾಲೆಯ ಬೂಟು,
ಸಂದಿಗೆ ತುರುಕಿದ ಸಾಬೂನು.
ಬಿಳಿ ಪೇಂಟಿನಲ್ಲಿ ತಮ್ಮನ ಹೆಸರು, ಹಾಪಾಯಿ.
ಹತ್ತು ತಿಂಗಳ ಮೇಲೆ ಅದೇ ಡ್ರಮ್ಮು ವಾಪಸು ಬಂತು.
ಒಳಗೆ ಹೆಗ್ಗೆಣಸು, ಅವನೇ ಬೆಳೆದದ್ದು,
ಒಂದೊಂದಕ್ಕೂ ಎಲೆ ಸುತ್ತಿ, ಕೂಸಿಗೆ ಸುತ್ತುವಂತೆ.
ಬರಿ ಪಾತ್ರೆ ಮರಳಿಸುವುದು ನಮ್ಮಲ್ಲಿಲ್ಲ.
ಬಂದರಿನಲ್ಲಿ ಕೈಗವಸಿನ ಹುಡುಗ ಮುಟ್ಟಿ ನೋಡಿದ.
ಮಣ್ಣು ಅಂಟಿದೆ, ತಾಯಿ, ಅಂದ.
ಒಳ್ಳೆಯ ಹುಡುಗ. ಹಳದಿ ತೊಟ್ಟಿಗೆ
ಎಸೆಯಲಿಲ್ಲ, ಇಟ್ಟ, ಒಂದೊಂದಾಗಿ.
ರಸೀದಿಯನ್ನೂ ಕೊಟ್ಟ.

ಕೊಡೋದು ಹೇಗೆ ಅಂತ ಬೆಳಗಿನಿಂದ ಮಾತಾಡಿದಿರಿ.
ಇಸಕೊಳ್ಳೋದು ಯಾವ ಕಲಮಿನಲ್ಲಿದೆ?

ಹೀಟರು ಟಿಕ್ಕೆಂದಿತು.
ರೋವನ್ ಹಾಳೆ ಮಗುಚಿ, ನಿಜವಾದ ವಿಷಾದದಿಂದಲೇ,
ಗಿಡ ಮಣ್ಣಿನ ತಪಾಸಣೆ ಇಪ್ಪತ್ತೆರಡರಲ್ಲಿದೆ,
ಊಟದ ನಂತರ, ಅಂದ.

ಮತಕ್ಕೆ ಹಾಕಲಾಯಿತು. ಪರ ಮೂವತ್ತೊಂದು, ವಿರೋಧ ನಾಲ್ಕು.
'ಸಾಗುತ್ತೇವೆ' ಗೆದ್ದಿತು.
ಪರವಾಗಿ ಎತ್ತಿದ ಕೈಗಳಲ್ಲಿ ಆನಸೀನಿಯದೂ ಒಂದು.

ಮೆಟ್ಟಿಲಲ್ಲಿ ಕೇಳಿಯೇಬಿಟ್ಟೆ.
ಬೆರಳು ಮಡಿಚಿ ಲೆಕ್ಕ ಒಪ್ಪಿಸಿದರು:
ಕೊಡಲು, ಶ್ರಮಿಸುವ, ದಿಕ್ಕಿನಲ್ಲಿ.
ಮೂರು ಪದ ಹೆಚ್ಚಿಗೆ ಸೇರಿಸಿದ್ದಾರೆ.
ವರ್ಷಕ್ಕೊಂದು ಕಿತ್ತರೂ ಮೂರೇ ವರ್ಷ.
ನನಗಿನ್ನೂ ಅರವತ್ತೊಂದು.
ಸಾಗುತ್ತೇವೆ? ಅದನ್ನು ಆಮೇಲೆ ನೋಡೋಣ.

ಊಟದ ನಂತರ ಕೋರಂ ಇರಲಿಲ್ಲ,
ಕೆಳಗೆ ಮೈದಾನದಲ್ಲಿ ಪಂದ್ಯ ಶುರುವಾಗಿತ್ತು.
ಇಪ್ಪತ್ತೆರಡು ಮುಂದಿನ ವರ್ಷಕ್ಕೆ.

ರಾತ್ರಿ ಶುದ್ಧಪ್ರತಿ ಮಾಡುವಾಗ
ಅವರು ನನ್ನ ಕಡತದೊಳಗೆ ಸರಿಸಿಹೋಗಿದ್ದ ಚೀಟಿ ಸಿಕ್ಕಿತು,
ನಾಲ್ಕು ಮಡಿಕೆ, ಮಡಿಕೆಯಲ್ಲಿ ಶಾಯಿ ಮಾಸಿದೆ.
ಸ್ಟೇಪ್ಲರು ಹುಡುಕಿ ತಂದೆ.

ಲಗತ್ತು: ಒಂದು ರಸೀದಿ.
ಹೆಗ್ಗೆಣಸು, ಹದಿನೇಳು ಕಿಲೊ, ಮಣ್ಣು ಸಹಿತ.